ಹುಂಜದ ಜೀನ್ಸ್

ಹಯಾತಣ್ಣನ ಅಂಗಿ ನೋಡಿದರೆ ಸಾಕು, ನಮ್ಮೂರಿನಲ್ಲಿ ಯಾರು ಯಾರು ಮರೆಗುಳಿಗಳು ಎಂದು ತಿಳಿಯುತ್ತದೆ. ಎಡತೋಳಿನ ಅಚ್ಚಿನ ಮಾವಿನಕಾಯಿಗಳು ಅಂಚೆ ಮಾಸ್ತರರವು. ಬೆನ್ನ ಮೇಲಿನ ನೀಲಿ ಛತ್ರಿಗಳು ಡ್ರಿಲ್ ಮೇಷ್ಟ್ರ ಮಗಳ ಲಂಗದವು. ಜೇಬಿನ ಹತ್ತಿರ ಒಂಟಿ ನವಿಲೊಂದಿದೆ, ಅದು ಯಾರದೆಂದು ಅವರಿಗೂ ನೆನಪಿಲ್ಲ. ಹಯಾತಣ್ಣ ನಮ್ಮ ಬೀದಿಯ ದರ್ಜಿ. ಬಟ್ಟೆ ಹೊಲಿದು ಪ್ರತಿ ತುಂಡಿನಲ್ಲೂ ಒಂದು ಹೊಲಿಗೆಯಷ್ಟು ಜಾಗ ಬಿಟ್ಟಿರುತ್ತಾರೆ. ಗಿರಾಕಿ ಬಂದು, ಬೆಂಚಿನ ಮೇಲೆ ಕೂತು, ಆ ಕೊನೆಯ ಹೊಲಿಗೆಗಳನ್ನು ತನ್ನ ಕೈಯಿಂದಲೇ ಹಾಕಿಕೊಂಡು ಹೋಗಬೇಕು. ಒಂದು ತುಂಡು ಮರೆತರೂ ಆ ತುಂಡಿನ ಅಚ್ಚು ಬಟ್ಟೆಯಿಂದ ಇಳಿದು, ಬೀದಿ ದಾಟಿ, ಹಯಾತಣ್ಣನ ಮೈ ಸೇರುತ್ತದೆ. ಕೊನೆಯ ಹೊಲಿಗೆ ಯಾರ ಕೈಯದೋ ಅಚ್ಚು ಅವರದು. ವಾಪಸು ಬೇಕೆನ್ನುವವರು ಬಂದು ಆ ತುಂಡಿಗೊಂದು ಹೊಲಿಗೆ ಹಾಕಿ ಕರೆದುಕೊಂಡು ಹೋಗಬಹುದು. ಹೆಚ್ಚಿನವರು ಬರುವುದಿಲ್ಲ.

ನೇಯ್ದ ಗೆರೆ, ಚೌಕಳಿಗಳು ಹೋಗುವುದಿಲ್ಲ. ಸೀರೆಯ ಅಚ್ಚೂ ಹೋಗುವುದಿಲ್ಲ, ಸೂಜಿ ತಾಗುವ ತನಕ ಅದಕ್ಕೆ ಯಾರ ಪರಿಚಯವೂ ಇರುವುದಿಲ್ಲ.

ನನ್ನ ಗಂಡ ಮುರುಗೇಶ ದರ್ಜಿಯ ಹತ್ತಿರ ಹೋದವನಲ್ಲ. ತನ್ನ ಅಂಗಿಗಳನ್ನು ತಾನೇ ಹೊಲಿಯುತ್ತಿದ್ದ, ಕೆಟ್ಟದಾಗಿ. ಒಂದು ತೋಳು ಉದ್ದ, ಒಂದು ಗಿಡ್ಡ. ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವನು ಕೊನೆಯ ನಿಲ್ದಾಣ ಬಂದರೂ ಏಳಲಿಲ್ಲ. ಕಂಡಕ್ಟರು ನಿದ್ದೆ ಎಂದುಕೊಂಡು ಭುಜ ತಟ್ಟಿದನಂತೆ. ಅವನ ಅಂಗಿಗಳು ಗೂಟದಲ್ಲಿ ಹಾಗೆಯೇ ಇವೆ. ಸತ್ತವರ ಅಂಗಿಯ ಅಚ್ಚು ಎಲ್ಲಿಗೂ ಹೋಗುವುದಿಲ್ಲ, ಹುಡುಕಿಕೊಂಡು ಹೋಗಲು ಕೈ ಬೇಕಲ್ಲ. ನಾನು ಅಳಲಿಲ್ಲ. ಅಳು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಜನ ಬಂದರು, ಉಪ್ಪಿಟ್ಟು ಮಾಡಿದರು. ನಾನೂ ತಿಂದೆ.

ನಮ್ಮಲ್ಲಿ ಹರೆಯಕ್ಕೆ ಬಂದವರು ಒಂದು ಅಚ್ಚಿನ ಬಟ್ಟೆಗೆ ತಮ್ಮ ಹೊಲಿಗೆ ಹಾಕಿ, ಅದನ್ನು ತೊಟ್ಟು ಪೇಟೆ ಸುತ್ತುತ್ತಾರೆ. ಗಡಿಯಾರ ಕಂಬದಿಂದ ಹೊರಟು ಬಟ್ಟೆ ಬೀದಿ, ಕಾಳಿನ ಬೀದಿ, ಬೋಗಾರರ ಬೀದಿ ದಾಟಿ ಚಾವಡಿ ಮುಟ್ಟುವ ತನಕ ಅಚ್ಚು ಮೈಮೇಲೆ ಉಳಿದರೆ, ಅಲ್ಲಿ ಕಾಯುತ್ತಿರುವ ಮನೆಯ ಹಿರಿಯರು ಎಲ್ಲರೆದುರು ‘ಮಾತು ನಿನ್ನದು’ ಎನ್ನುತ್ತಾರೆ. ಅಂದಿನಿಂದ ಓದು, ಮದುವೆ, ನೌಕರಿ, ಎಲ್ಲಕ್ಕೂ ಅವರವರದೇ ಮಾತು. ಗಂಡ ಸತ್ತರೆ ಹೆಂಡತಿಯ ಮಾತು ಗಂಡನ ಮನೆಯ ಹಿರಿಯ ಗಂಡಸಿಗೆ ಹೋಗುತ್ತದೆ. ಹೆಂಡತಿ ಸತ್ತರೆ ಗಂಡನ ಮಾತು ಎಲ್ಲಿಗೂ ಹೋಗುವುದಿಲ್ಲ. ಯಾಕೆ ಹೀಗೆ ಎಂದು ವಿಶ್ವವಿದ್ಯಾಲಯದಲ್ಲಿದ್ದಾಗ ಪ್ರಾಧ್ಯಾಪಕರೊಬ್ಬರನ್ನು ಕೇಳಿದ್ದೆ. ಅವರು ಚಹಾ ತರಿಸಿದರು.

ವಿಧವೆ ಮತ್ತೊಮ್ಮೆ ಪೇಟೆ ಸುತ್ತಿ ಮಾತನ್ನು ವಾಪಸು ಪಡೆಯಬಹುದು, ಅಡ್ಡಿಯಿಲ್ಲ. ಆದರೆ ಒಂದೇ ಸಲ. ದಾರಿಯಲ್ಲಿ ಅಚ್ಚು ಇಳಿದರೆ ಮುಗಿಯಿತು. ಗಂಡನನ್ನು ಕಳೆದುಕೊಂಡ ಕೈಗೆ ಅಚ್ಚು ನಿಲ್ಲುವುದಿಲ್ಲ ಎಂಬ ಮಾತು ಊರಲ್ಲಿದೆ. ಆದ್ದರಿಂದ ಸುತ್ತುವವರು ಕಡಿಮೆ. ಸುತ್ತಿದವರೂ ಮಲ್ಲಿಗೆ ಮೊಗ್ಗಿನ ಅಚ್ಚಿನ ಸಣ್ಣ ಕರ್ಚೀಪು ಹೊಲಿದು ಮುಷ್ಟಿಯಲ್ಲಿ ಹಿಡಿದುಕೊಂಡು ಹೋದವರೇ. ಇಳಿದರೂ ಯಾರಿಗೂ ಕಾಣಬಾರದು ಎಂದು.

ನನಗೆ ಕೆಲಸದ ಕರೆ ಬಂದದ್ದು ಮುರುಗೇಶ ಹೋದ ಮೇಲೆ. ಭೂಗೋಳದಲ್ಲಿ ಎಂ.ಎ. ಮುಗಿಸಿದಾಗ ಹಾಕಿದ್ದ ಅರ್ಜಿ. ಹೊಳೆಯ ಮೇಲ್ದಂಡೆಯ ನೀರಳತೆ ಕೇಂದ್ರದಲ್ಲಿ ಕೆಲಸ. ಹೊಳೆಯ ನೀರು ಬಂದು ನಿಲ್ಲುವ ಅಳತೆ ಬಾವಿಯೊಳಗೆ ಕಬ್ಬಿಣದ ಮೆಟ್ಟಿಲು ಇಳಿದು ನೀರಿನ ಮಟ್ಟ ನೋಡಿ ಬರಬೇಕು, ಮಳೆಗಾಲದಲ್ಲಿ ಗಂಟೆಗೊಮ್ಮೆ. ಅವರು ಕೇಳುವುದು ಒಂದೇ ಪ್ರಶ್ನೆ: ಮಾತು ಯಾರದು? ನನ್ನ ಮಾತು ಆಗ ಮುರುಗೇಶನ ಅಣ್ಣ ಪಂಪಾಪತಿ ಭಾವನ ಹತ್ತಿರ ಇತ್ತು.

ಭಾವ ಕೆಟ್ಟವರಲ್ಲ. ದನಿ ಏರಿಸಿ ಮಾತಾಡಿದವರಲ್ಲ. ಊಟದ ಹೊತ್ತಿಗೆ ವಿಷಯ ತೆಗೆದೆ.

“ಹೊಳಿ ದಂಡಿ ಮ್ಯಾಲೆ ಒಬ್ಬಾಕಿ ಹೆಂಗಿರ್ತೀಯಮ್ಮ?” ಎಂದರು. “ಇಲ್ಲಿ ನಿನಗೇನು ಕಮ್ಮಿ ಆಗೈತಿ ಹೇಳು.”

“ಏನೂ ಕಮ್ಮಿ ಆಗಿಲ್ಲ ಭಾವ.”

“ಮತ್ತೆ? ವರ್ಷ ತುಂಬ್ಲಿ, ನೋಡಾಣ.”

“ಅಲ್ಲಿತನ ಅವರು ಕಾಯಲ್ಲ.”

“ಕಾಯಲಿಲ್ಲ ಅಂದ್ರೆ ಅದು ನಿನಗಲ್ಲ ಅಂತ ತಿಳ್ಕೊಂಡ್ರಾತು.” ತಮ್ಮ ಲೋಟದ ಮಜ್ಜಿಗೆಯಲ್ಲಿ ಅರ್ಧ ನನ್ನ ಲೋಟಕ್ಕೆ ಬಗ್ಗಿಸಿದರು. ಅವರು ಇಲ್ಲ ಎನ್ನುವ ರೀತಿ ಅದು.

“ಹಂಗಾದ್ರೆ ನಾನು ಪೇಟೆ ಸುತ್ತುತೀನಿ,” ಎಂದೆ.

ಅತ್ತೆ ಹಾಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಭಾವ ಅವ್ವನ ಕಡೆ ನೋಡಿ, ನನ್ನ ಕಡೆ ನೋಡಿ, ನಕ್ಕರು.

“ಸುತ್ತವ್ವ. ಬ್ಯಾಡ ಅನ್ನಾಕೆ ನಾನ್ಯಾರು? ಒಂದು ಕರ್ಚೀಪು ಹೊಲ್ಕೋ.”

“ಕರ್ಚೀಪಲ್ಲ. ಜೀನ್ಸ್ ಹೊಲೀತೀನಿ.”

ಹೇಳುವ ತನಕ ನನಗೂ ಅದು ಗೊತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಸರಿ ಎನಿಸಿತು. ಕಬ್ಬಿಣದ ಮೆಟ್ಟಿಲು ಇಳಿಯಲು ಹೇಗೂ ಬೇಕು.

ತುಂಡುಬಟ್ಟೆ ಮಾರುವ ಸಾವಂತ್ರಮ್ಮ ನನ್ನನ್ನು ನೋಡಿ ಮೊದಲು ಬಿಳಿಯ ಗಂಟು ಬಿಚ್ಚಿದಳು, ಆಮೇಲೆ ಬೂದಿ ಬಣ್ಣದ ಗಂಟು. ಅವೆರಡರ ಕೆಳಗೆ ಅರಿಶಿನದ ಬಣ್ಣದ ದಪ್ಪ ಬಟ್ಟೆಯ ಅಂಚು ಕಾಣುತ್ತಿತ್ತು. ಎಳೆದೆ. ಹುಂಜಗಳು. ಅಂಗೈಯಷ್ಟು ದೊಡ್ಡವು, ಕೆಂಪು ಜುಟ್ಟು, ಕರಿ ಬಾಲ, ಒಂದು ಕಾಲೆತ್ತಿ ನಿಂತಿದ್ದವು. ಎಷ್ಟೋ ತಿಂಗಳಿಂದ ನಾನು ಏನನ್ನೂ ಎರಡನೆಯ ಸಲ ನೋಡಿರಲಿಲ್ಲ. ಈ ಬಟ್ಟೆಯನ್ನು ನೋಡಿದೆ.

“ಅದು ಪರದೆಗೆ ತಂದಿದ್ದು ಕಣವ್ವ, ಯಾರೂ ತಗಳ್ಳಿಲ್ಲ,” ಎಂದಳು ಸಾವಂತ್ರಮ್ಮ. “ಇದನ್ನ ಕಿಟಕಿಗೆ ಹಾಕಿದ್ರೆ ಬೆಳಕಾಗೋಕೆ ಮುಂಚೆ ಮನೆಮಂದಿ ಎಲ್ಲಾ ಎದ್ದು ಕುಂದ್ರುತಾರೆ.”

“ನನಗೆ ಪ್ಯಾಂಟಿಗೆ ಬೇಕು.”

“ಯಾರಿಗೆ ಪ್ಯಾಂಟು?”

“ನನಗೇ.”

ಅವಳು ಗಜಕಡ್ಡಿಯನ್ನು ಕೆಳಗಿಟ್ಟಳು. “ಪೇಟೆ ಸುತ್ತಾಕಾ?” ಎಂದಳು. ಹೌದೆಂದೆ. “ಯವ್ವಾ ತಾಯಿ, ಇವು ಇಳದ್ರೆ ಊರಿಗೆಲ್ಲಾ ಕಾಣ್ತಾವೆ.”

“ಇಳಿಯದಿದ್ರೂ ಕಾಣ್ತಾವೆ.”

ಅಳೆದು ಕೊಟ್ಟಳು. ಅಳತೆಗಿಂತ ಒಂದು ಗೇಣು ಹೆಚ್ಚೇ ಹರಿದಳು, ಯಾಕೆಂದು ಹೇಳಲಿಲ್ಲ.

ಹಾಸ್ಟೆಲಿನ ಕಾಲದ ನನ್ನ ಹಳೆಯ ನೀಲಿ ಜೀನ್ಸನ್ನು ಬ್ಲೇಡಿನಿಂದ ಹೊಲಿಗೆ ಹೊಲಿಗೆ ಬಿಚ್ಚಿ ಹಾಸಿದೆ. ಬಿಡಿಬಿಡಿಯಾಗಿ ಅದು ಕಾಲಿನ ಬಟ್ಟೆಯಂತೆ ಕಾಣಲಿಲ್ಲ. ಮುಂದಿನ ಎರಡು ತುಂಡು, ಹಿಂದಿನ ಎರಡು, ಸೊಂಟದ ಹಿಂದೆ ಬರುವ ಓರೆ ತುಂಡುಗಳು, ಪಟ್ಟಿ, ಜೇಬು, ಬೆಲ್ಟು ತೂರಿಸುವ ಕುಣಿಕೆಗಳು. ಹುಂಜಗಳ ಮೇಲೆ ಅವನ್ನಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದೆ. ಹುಂಜಗಳೆಲ್ಲ ಒಂದೇ ಕಡೆ ತಲೆ ಮಾಡಿ ನಿಂತಿದ್ದರಿಂದ ಯಾವ ತುಂಡನ್ನೂ ತಿರುಗಿಸಿ ಇಡುವಂತಿರಲಿಲ್ಲ, ಇಟ್ಟರೆ ಅವು ತಲೆಕೆಳಗಾಗಿ ನಿಲ್ಲುತ್ತಿದ್ದವು. ಎಲ್ಲಿ ಯಾವ ಹುಂಜ ಬರಬಾರದು ಎಂಬುದನ್ನೂ ನೋಡಿಕೊಳ್ಳಬೇಕಿತ್ತು. ಜಿಪ್ಪಿನ ಹತ್ತಿರ ಕೊಕ್ಕು ತೆರೆದು ನಿಂತ ಒಂದನ್ನು ಸಾವಂತ್ರಮ್ಮನ ಹೆಚ್ಚುವರಿ ಗೇಣಿನಿಂದಾಗಿ ತೊಡೆಯ ಕಡೆಗೆ ಸರಿಸಲು ಸಾಧ್ಯವಾಯಿತು.

ಹಯಾತಣ್ಣನ ಅಂಗಡಿಗೆ ದಪ್ಪ ಸೂಜಿ ತರಲು ಹೋದೆ.

“ನಾನೇ ಹೊಲ್ದು ಕೊಡ್ತೀನಿ ತಂಗೀ,” ಎಂದರು. “ಕೊನೇ ಹೊಲಿಗೆ ನೀನು ಹಾಕ್ಕ. ಪೇಟೆ ಸುತ್ತೋರು ಅರ್ಧಕ್ಕರ್ಧ ಮಂದಿ ಅದನ್ನೇ ಮಾಡ್ತಾರೆ, ಯಾರು ಕೇಳ್ತಾರೆ?”

“ಬೇಡ ಹಯಾತಣ್ಣ. ಪೂರ್ತಿ ನಾನೇ ಹೊಲೀಬೇಕು.”

“ನನ್ನ ಮ್ಯಾಲೆ ನಂಬಿಕೆ ಇಲ್ಲೇನು? ನೋಡಿಲ್ಲಿ, ನನ್ನ ಅಂಗೀಲಿ ಕೋಳಿ ಸಾಕಾಕೆ ಜಾಗ ಎಲ್ಲೈತಿ?” ಬೆನ್ನು ತಿರುಗಿಸಿ ಛತ್ರಿಗಳನ್ನು ತೋರಿಸಿದರು. ನಕ್ಕೆ. ತುಟಿ ನಕ್ಕಿತು. ಅವರು ಸೂಜಿಯ ಪೊಟ್ಟಣ ಕೈಗಿಟ್ಟು, “ದಪ್ಪ ಬಂದಲ್ಲಿ ಪೆಡಲ್ ತುಳೀಬ್ಯಾಡ, ಕೈಯಾಗೆ ಚಕ್ರ ತಿರುಗ್ಸು,” ಎಂದರು.

ಮುರುಗೇಶನ ಹೊಲಿಗೆ ಮಿಷನ್ನಿನ ಮುಂದೆ ಕೂತೆ. ಮೊದಲು ಹೊಲಿದ ಬದಿಯ ಹೊಲಿಗೆಯಲ್ಲಿ ಮುಂದಿನ ತುಂಡಿನ ಹುಂಜಕ್ಕೂ ಹಿಂದಿನ ತುಂಡಿನ ಹುಂಜಕ್ಕೂ ತಾಳೆಯಾಗಲಿಲ್ಲ. ಎರಡು ಬಾಲ, ತಲೆಯಿಲ್ಲ. ಅದು ಯಾವ ಕಡೆ ಹೋಗಬೇಕೆಂದು ತಿಳಿಯದೆ ಹೊಲಿಗೆಯ ಮೇಲೆ ಗಿರಕಿ ಹೊಡೆಯತೊಡಗಿತು. ಬಿಚ್ಚಿದೆ. ಗುಂಡುಸೂಜಿ ಚುಚ್ಚಿ, ಕತ್ತಿಗೆ ಕತ್ತು ಸೇರಿಸಿ ಮತ್ತೆ ಹೊಲಿದೆ. ಅದು ನಿಂತು ಮೈ ಕೊಡವಿತು. ಜಿಪ್ಪು ಕೂರಿಸುವುದು ಬಾರದೆ ಹಳೆಯ ಜೀನ್ಸಿನದನ್ನು ನೋಡಿಕೊಂಡು ಹೊಲಿದೆ, ಬಿಚ್ಚಿದೆ, ಹೊಲಿದೆ. ಹೊಲಿಗೆಗಳ ಅಂಚು ಒಳಗೆ ಮಡಚಿ ಮೇಲೆ ಕೆಂಪು ದಾರದ ಎರಡು ಸಾಲು ಓಡಿಸಿದೆ. ಒಮ್ಮೆ ಸೂಜಿ ಬೆರಳಿಗೆ ಹೊಕ್ಕಿತು. ರಕ್ತ ನೋಡಿದ ಮೇಲೆ ಗೊತ್ತಾಯಿತು.

ಅತ್ತೆ ಬಾಗಿಲಿಗೊರಗಿ ಕೂತು ನೋಡುತ್ತಿದ್ದರು. ಮಾವ ತೀರಿದಾಗ ಮುರುಗೇಶ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅಂದಿನಿಂದ ಅತ್ತೆ ಬೂದಿ ಬಣ್ಣದ ಅಚ್ಚಿಲ್ಲದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಅವರ ಮಾತು ಮೊದಲು ಅವರ ಮಾವನ ಹತ್ತಿರ ಇತ್ತು, ಆಮೇಲೆ ಮೈದುನನ ಹತ್ತಿರ. ಪಂಪಾಪತಿ ಭಾವ ತಾವು ಪೇಟೆ ಸುತ್ತಿದ ದಿನ ಅದು ಮಗನ ಹತ್ತಿರ ಬಂತು. ಸಂತೆಯಲ್ಲಿ ಬದನೆಕಾಯಿ ತರಲೋ ಹೀರೆಕಾಯಿ ತರಲೋ ಎಂದು ಈಗಲೂ ಮಗನನ್ನೇ ಕೇಳುತ್ತಾರೆ.

“ನೀವ್ಯಾಕೆ ಸುತ್ತಲಿಲ್ಲ ಅತ್ತೆ?” ಎಂದು ಕೇಳಿದೆ.

“ನನ್ನ ಕೈಗೆಲ್ಲಿ ನಿಲ್ತಾವೆ?” ಎಂದರು. “ಗಂಡಸಿಲ್ಲದ ಕೈ.”

“ಹೊಲಿದು ನೋಡಿದ್ರಾ?”

“ನೋಡಾದೇನು? ಎಲ್ರೂ ಹೇಳ್ತಾರಲ್ಲ.” ಆಮೇಲೆ ಗಾಬರಿಯಾಗಿ, “ನಿನ್ನ ಕೈಗೆ ನಿಲ್ತಾವೆ ಬಿಡು. ನೀನು ಓದಿದಾಕಿ,” ಎಂದರು.

ಕೊನೆಗೆ ಉಳಿದದ್ದು ಕಾಲಿನ ಕೆಳಗಿನ ಮಡಿಕೆ. ಬಲಗಾಲಿನದು ಸಲೀಸಾಗಿ ಆಯಿತು. ಎಡಗಾಲಿನ ಮಡಿಕೆಯಲ್ಲಿ, ಬದಿಯ ಹೊಲಿಗೆ ಬಂದು ಸೇರುವಲ್ಲಿ ಬಟ್ಟೆ ಹಲಗೆಯಂತೆ ದಪ್ಪವಾಗಿತ್ತು. ಸೂಜಿ ಅದನ್ನು ಹಾರಿ ಆಚೆ ಬಿತ್ತು. ಒಂದು ಬೆರಳಗಲ ಬಾಯಿ ಬಿಟ್ಟುಕೊಂಡಿತು. ಆಮೇಲೆ ಸರಿಮಾಡಿದರಾಯಿತು ಎಂದು ಬಿಟ್ಟೆ. ತೊಟ್ಟು ನೋಡಿದೆ. ಹುಂಜಗಳು ನನ್ನ ಕಾಲ ಮೇಲೆ ಕಾಲೂರಿ ನಿಂತವು. ಕೂತೆ, ಎದ್ದೆ, ಅಟ್ಟದ ಏಣಿ ಹತ್ತಿ ಇಳಿದೆ. ಒಂದೂ ಕದಲಲಿಲ್ಲ. ಚೆನ್ನಾಗಿ ಹೊಲಿದಿದ್ದೇನೆ ಎಂದುಕೊಂಡೆ. ಅದರಲ್ಲಿ ನನಗೆ ಅನುಮಾನವಿರಲಿಲ್ಲ.

ಪೇಟೆ ಸುತ್ತುವ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು, ಹಾಸಿಗೆಯ ಮೇಲೆ ಮಡಚಿಟ್ಟಿದ್ದ ಜೀನ್ಸನ್ನು ಹಾಕಿಕೊಂಡೆ. ಮೇಲೊಂದು ಬಿಳಿ ಜುಬ್ಬಾ. ಅತ್ತೆ ನನ್ನ ಹಣೆ ಮುಟ್ಟಿ, “ಹೋಗಿ ಬಾ ದಾಕ್ಷಾಣಿ,” ಎಂದರು. ಅವರು ದಾಕ್ಷಾಯಣಿ ಎಂದು ಪೂರ್ತಿ ಕರೆದದ್ದೇ ಇಲ್ಲ. ಭಾವ ಆಗಲೇ ಚಾವಡಿಗೆ ಹೋಗಿದ್ದರು.

ಗಡಿಯಾರ ಕಂಬದ ಬಳಿ ಹತ್ತಾರು ಜನ ಸೇರಿದ್ದರು. ಯಾರೋ, “ಏಯ್, ಕೋಳಿ ಗೂಡೇ ಬಂತಲ್ಲಪ್ಪಾ,” ಎಂದ. “ಹುಂಜದ ಸಾರು ಎಷ್ಟಕ್ಕವ್ವ?” ಎಂದ ಇನ್ನೊಬ್ಬ. ಸಾವಂತ್ರಮ್ಮ ತನ್ನ ಗಂಟಿನ ಹಿಂದಿನಿಂದ, “ನಿನ್ನ ಕರ್ಚೀಪಿನ ಮಲ್ಲಿಗೆ ಹಯಾತಣ್ಣನ ಬಗಲಾಗೆ ಬಾಡ್ತಾ ಐತಿ, ಮೊದ್ಲು ಅದನ್ನ ತಗಂಡು ಬಾರೋ,” ಎಂದಳು. ಜನ ನಕ್ಕರು. ನಾನು ನಡೆದೆ. ದಪ್ಪ ಬಟ್ಟೆ ತೊಡೆಗೆ ತೊಡೆ ಉಜ್ಜಿ ಸದ್ದು ಮಾಡುತ್ತಿತ್ತು. ಬಟ್ಟೆ ಬೀದಿ ಮುಗಿಯಿತು. ಹುಂಜಗಳು ಹಾಗೇ ಇದ್ದವು. ನಾನು ಎರಡೂ ಕೈ ಬೀಸಿ ನಡೆಯುತ್ತಿದ್ದೇನೆಂದು ಆಗ ಗಮನಿಸಿದೆ.

ಕಾಳಿನ ಬೀದಿಯ ನಡುವೆ ಎಡ ಮೊಣಕಾಲಿನ ಬಳಿ ಏನೋ ಕದಲಿತು. ನೋಡಿದೆ. ಅಲ್ಲಿದ್ದ ಹುಂಜ ಎತ್ತಿದ ಕಾಲನ್ನು ಕೆಳಗಿಟ್ಟಿತು. ಒಂದು ಹೆಜ್ಜೆ ಇಳಿಯಿತು. ಅದರ ಹಿಂದಿನದೂ ಇಳಿಯಿತು. ಎಡಗಾಲಿನ ಹುಂಜಗಳೆಲ್ಲ ಸಾಲಾಗಿ, ಅವಸರವಿಲ್ಲದೆ, ಮಡಿಕೆಯ ಅಂಚಿಗೆ ಬಂದು, ಒಂದೊಂದೇ ರಸ್ತೆಗೆ ಹೆಜ್ಜೆಯಿಟ್ಟವು. ನೆಲದ ಮೇಲೆ ಬಣ್ಣದ ನೆರಳಿನಂತೆ ಚಪ್ಪಟೆಯಾಗಿ ನಡೆದವು. ಜೋಳದ ರಾಶಿ ಸಿಕ್ಕಾಗ ಸುತ್ತು ಬಳಸಿದವು. ಜನ ಕಾಲೆತ್ತಿ ದಾರಿ ಬಿಟ್ಟರು. ಚರಂಡಿಯ ಪಕ್ಕ ಕೆದಕುತ್ತಿದ್ದ ನಿಜವಾದ ಕೋಳಿಯೊಂದು ತಲೆ ಓರೆ ಮಾಡಿ ನೋಡಿ ಓಡಿಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು.

“ಅಯ್ಯೋ ಪಾಪ,” ಎಂದಳು ಒಬ್ಬಳು. “ಹೇಳ್ತಿರ್ಲಿಲ್ವಾ, ಆ ಕೈಗೆ ನಿಲ್ಲಲ್ಲ ಅಂತ.”

ನನಗೆ ಸಿಟ್ಟು ಬಂತು. ಬಂದದ್ದು ತಿಳಿದು ಆಶ್ಚರ್ಯವಾಯಿತು. ಬಸ್ಸಿನ ಆ ಮಧ್ಯಾಹ್ನದಿಂದ ಇತ್ತ ನನಗೆ ಏನೂ ಬಂದಿರಲಿಲ್ಲ. ಕಿವಿ ಬಿಸಿಯಾಯಿತು. ನಾನು ಹೊಲಿದದ್ದು ಸರಿಯಾಗಿತ್ತು. ಬಲಗಾಲನ್ನು ನೋಡಿದೆ. ಅಲ್ಲಿ ಒಂದು ಹುಂಜವೂ ಅಲುಗಿರಲಿಲ್ಲ. ಸೊಂಟದ ಮೇಲಿನವೂ ಇದ್ದಲ್ಲೇ ಇದ್ದವು. ಒಂದೇ ಕೈ ಬಲಕ್ಕೆ ಆಗಿಬಂದು ಎಡಕ್ಕೆ ಯಾಕೆ ಆಗುವುದಿಲ್ಲ? ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಡಗಾಲನ್ನು ಮೊಣಕಾಲ ಮೇಲಿಟ್ಟು ಮಡಿಕೆ ತಿರುವಿ ನೋಡಿದೆ. ಬಾಯಿ ಬಿಟ್ಟಿದ್ದ ಜಾಗ ಮುಚ್ಚಿತ್ತು. ಮಿಷನ್ನಿನ ಕೆಂಪು ಸಾಲಿನ ನಡುವೆ ಬೂದಿ ದಾರದ ನಾಲ್ಕು ಕೈಹೊಲಿಗೆ. ಓರೆಯಾಗಿ, ಒತ್ತೊತ್ತಾಗಿ, ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ಸೇರಿಸಿ. ನಮ್ಮ ಮನೆಯ ದಿಂಬುಗಳಿಗೆಲ್ಲ ಇರುವುದು ಅದೇ ಹೊಲಿಗೆ.

ಪೇಟೆ ಸುತ್ತುವವರ ಬಟ್ಟೆಗೆ ಬೇರೆಯವರು ಸೂಜಿ ತಾಗಿಸುವುದನ್ನು ನಮ್ಮಲ್ಲಿ ದಾರಿಗೆ ಮುಳ್ಳು ಹಾಕುವುದು ಎನ್ನುತ್ತಾರೆ. ಹಿಂದೆ ಮನೆಯವರೇ ಬೇಕೆಂದು ಹಾಗೆ ಮಾಡಿದ್ದುಂಟು. ಮಾಡಿದವರ ಮನೆಯಲ್ಲಿ ನೀರು ಕುಡಿಯಲು ಜನ ಹಿಂಜರಿಯುತ್ತಾರೆ. ನನ್ನ ಬಳಿ ಸೂಜಿ ಇರಲಿಲ್ಲ. ಇದ್ದಿದ್ದರೆ ಅಲ್ಲೇ ಒಂದು ಹೊಲಿಗೆ ಹಾಕುತ್ತಿದ್ದೆನೋ ಏನೋ. ಎದ್ದು ಮಡಿಕೆ ಸರಿಮಾಡಿಕೊಂಡು ನಡೆದೆ. ಒಂದು ಕಾಲು ಹುಂಜ, ಒಂದು ಕಾಲು ಬರೀ ಅರಿಶಿನ. ಬೋಗಾರರ ಬೀದಿಯಲ್ಲಿ ಪಾತ್ರೆ ಬಡಿಯುವವರು ಸುತ್ತಿಗೆ ನಿಲ್ಲಿಸಿದರು.

ಚಾವಡಿಯ ಕಟ್ಟೆಯ ಮೇಲೆ ಭಾವ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ನಿಜವಾಗಿಯೂ ಬೇಸರವಿತ್ತು. ಅದನ್ನೇ ತಡೆಯಲಾಗಲಿಲ್ಲ.

“ಇರ್ಲಿ ಬಿಡಮ್ಮ,” ಎಂದರು ಮೆಲ್ಲಗೆ. “ಪ್ರಯತ್ನ ಮಾಡ್ದೆ, ಆತು. ಮನಿಗೆ ನಡಿ. ನಿನ್ನ ಮಾತು ನನ್ನ ಹತ್ರ ಇದ್ರೆ ನಿನಗೇನು ಭಾರ?”

“ಭಾವ, ನನ್ನ ಹೊಲಿಗೆ...”

ಅಷ್ಟರಲ್ಲಿ ಹಿಂದಿನ ಓಣಿಯಿಂದ ಗಲಾಟೆ ಕೇಳಿತು. ಅತ್ತೆ ಓಡಿ ಬರುತ್ತಿದ್ದರು. ಸೆರಗಿನ ತುಂಬ ಹುಂಜ, ನೆರಿಗೆಯ ತುಂಬ ಹುಂಜ. ಒಂದು ಹೆಗಲ ಮೇಲೆ ಹತ್ತಿ ಕೂತಿತ್ತು. ಬೂದಿ ಬಣ್ಣದ ಮೇಲೆ ಅವುಗಳ ಕೆಂಪು ನನ್ನ ಅರಿಶಿನದ ಮೇಲೆ ಕಂಡದ್ದಕ್ಕಿಂತ ಹೆಚ್ಚು ಕೆಂಪಾಗಿ ಕಾಣುತ್ತಿತ್ತು. ಅತ್ತೆ ಅವನ್ನು ಸೆರಗಿನಿಂದ ಕೊಡವಿಕೊಳ್ಳುತ್ತಿದ್ದರು, ಇರುವೆ ಹತ್ತಿದಂತೆ. ಅವು ಹೋಗುತ್ತಿರಲಿಲ್ಲ.

“ನನ್ನ ಕೈ ಸುಡ್ಲಿ ದಾಕ್ಷಾಣಿ, ನನ್ನ ಕೈಗೆ ಬೆಂಕಿ ಹಾಕ್ಲಿ!” ಎಂದು ಅಳುತ್ತಾ ಬಂದು ನನ್ನ ತೋಳು ಹಿಡಿದರು. “ಅಲ್ಲೊಂಚೂರು ಬಾಯಿ ಬಿಟ್ಟಿತ್ತು ಕಣೇ. ಹೆಬ್ಬೆಟ್ಟು ಸಿಕ್ಕಿ ಮುಗ್ಗರಿಸ್ತೀಯ ಅಂತ ನೀನು ಸ್ನಾನಕ್ಕೆ ಹೋದಾಗ ನಾಲ್ಕು ಹೊಲಿಗೆ ಹಾಕ್ದೆ. ಅಷ್ಟೇ. ನನ್ನ ಕೈಗೂ ಬರ್ತಾವೆ ಅಂತ ನನಗೇನು ಗೊತ್ತು?”

ಗುಂಪಿನಲ್ಲಿ ಗುಸುಗುಸು ಎದ್ದಿತು. “ಅತ್ತೆನೇ ಮುಳ್ಳು ಹಾಕಿದ್ಲು,” ಎಂದರು ಯಾರೋ. ಭಾವನ ಮುಖ ಕೆಂಪಾಯಿತು. “ಅವ್ವಾ, ಏನಿದು?” ಎಂದರು.

ಹಯಾತಣ್ಣ ಗುಂಪಿನೊಳಗಿಂದ ಕೈ ಚಾಚಿ ಸೂಜಿ ದಾರ ಕೊಟ್ಟರು. “ಎರಡು ತುಂಡಿಗೂ ಒಂದೊಂದು ಹೊಲಿಗೆ ಹಾಕ್ಕ ತಂಗೀ. ಈಗ್ಲೇ ವಾಪಸ್ ಬರ್ತಾವೆ.”

“ಹಾಕವ್ವ, ಹಾಕು,” ಎಂದು ಅತ್ತೆ ಸೆರಗನ್ನು ನನ್ನ ಮುಂದೆ ಒಡ್ಡಿದರು. “ತಗೋ ನಿನ್ನವನ್ನ.”

“ವಾಪಸ್ ಬಂದ್ರೂ ದಾರೀಲಿ ಇಳ್ದಿದ್ದು ಇಳ್ದಂಗೇ,” ಎಂದರು ಭಾವ. “ಕಟ್ಟಳೆ ನಾನು ಮಾಡಿದ್ದಲ್ಲ.”

ನಾನು ಸೂಜಿ ಹಿಡಿದುಕೊಂಡು ಅತ್ತೆಯನ್ನು ನೋಡಿದೆ. ಅಳುತ್ತಿದ್ದರು. ಅಳುತ್ತಲೇ ಹೆಗಲ ಮೇಲಿನ ಹುಂಜವನ್ನು ಓರೆಗಣ್ಣಿನಿಂದ ನೋಡಿಕೊಳ್ಳುತ್ತಿದ್ದರು, ಯಾರಾದರೂ ಕಸಿದುಕೊಂಡಾರು ಎಂಬಂತೆ. ಇಷ್ಟು ವರ್ಷ ಆ ಕೈ ದಿಂಬಿಗೂ ಗೋಣಿಚೀಲಕ್ಕೂ ಹೊಲಿಗೆ ಹಾಕಿತ್ತು. ಅಚ್ಚಿನ ಬಟ್ಟೆಗೆ ಒಮ್ಮೆಯೂ ತಾಗಿರಲಿಲ್ಲ. ತಾಗಿದ ಮೊದಲ ದಿನವೇ ಹುಂಜಗಳು ಊರು ದಾಟಿ ಹುಡುಕಿಕೊಂಡು ಹೋಗಿದ್ದವು.

ಸೂಜಿಯನ್ನು ಹಯಾತಣ್ಣನಿಗೆ ವಾಪಸು ಕೊಟ್ಟೆ.

“ಇವು ಇಳಿದು ಎಲ್ಲಿಗೆ ಹೋದವು ಭಾವ?” ಎಂದು ಕೇಳಿದೆ.

“ಎಲ್ಲಿಗೆ ಅಂದ್ರೆ? ಅವ್ವನ ಮೈಮ್ಯಾಲೆ.”

“ಯಾಕೆ ಹೋದವು?”

“ಅವ್ವನ ಹೊಲಿಗೆ ಇತ್ತು, ಹೋದ್ವು.”

“ಹಂಗಾದ್ರೆ ಅತ್ತೆ ಕೈಗೆ ನಿಂತಾವೆ. ಈ ಕಾಲಿನವು ನನ್ನ ಕೈಗೆ ನಿಂತಾವೆ. ಗಂಡ ಇಲ್ಲದ ಕೈಗೆ ಅಚ್ಚು ನಿಲ್ಲಲ್ಲ ಅಂದೋರು ಯಾರು, ಇಲ್ಲೇ ಅದಾರಾ?” ನನ್ನ ದನಿ ನನಗೇ ಗಟ್ಟಿಯಾಗಿ ಕೇಳುತ್ತಿತ್ತು. “ಅರ್ಧ ನನ್ನ ಹತ್ರ ಅದಾವೆ, ಅರ್ಧ ಅತ್ತೆ ಹತ್ರ ಅದಾವೆ. ಒಂದೂ ಕಳೆದಿಲ್ಲ. ಈಗ ಹೇಳ್ರಿ ಭಾವ, ನಿಮ್ಮ ಅಂಗಿ ಮ್ಯಾಲೆ ಒಂದಾದ್ರೂ ಬಂದೈತಾ?”

ಭಾವ ತಲೆ ತಗ್ಗಿಸಿ ತಮ್ಮ ಅಂಗಿ ನೋಡಿಕೊಂಡರು. ಇಡೀ ಗುಂಪು ನೋಡಿತು. ಬೆಳ್ಳಗೆ, ಖಾಲಿಯಾಗಿ ಇತ್ತು.

ಮೊದಲು ನಕ್ಕವಳು ಸಾವಂತ್ರಮ್ಮ. “ಪಂಪಣ್ಣಾ, ಮೊಟ್ಟೆನೂ ಇಲ್ಲಲ್ಲೋ!” ಎಂದಳು. ಆಮೇಲೆ ಎಲ್ಲರೂ ನಕ್ಕರು. ಅತ್ತೆ ಅಳು ನಿಲ್ಲಿಸಿ ಮೂಗು ಒರೆಸಿಕೊಂಡರು. ಮಗನ ಮುಂದೆ ಹೋಗಿ ನಿಂತರು.

“ಪಂಪಾ, ಆ ಹುಡುಗಿದು ಅದಕ್ಕೆ ಕೊಟ್ಟುಬಿಡಪ್ಪ.”

“ಅವ್ವಾ, ಅರ್ಧಕ್ಕೆ ಹೆಂಗೆ...”

“ಇನ್ನರ್ಧ ನಂದು. ನನ್ನ ಅರ್ಧನೂ ಅದೇ ಹೇಳ್ತೈತಿ. ಈಗ ಪೂರ್ತಿ ಆತಲ್ಲ?”

ಭಾವ ನನ್ನ ಕಾಲು ನೋಡಿದರು, ಅವ್ವನ ಸೆರಗು ನೋಡಿದರು. ಅವರು ಲೆಕ್ಕದಲ್ಲಿ ಮೋಸ ಮಾಡುವವರಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದರು, ಸಿಗಲಿಲ್ಲ. ಕೊನೆಗೆ ನನ್ನ ಕಡೆ ನೋಡದೆ, “ಮಾತು ನಿನ್ನದು,” ಎಂದರು.

“ಕೇಳಲಿಲ್ಲ,” ಎಂದಿತು ಗುಂಪಿನ ಹಿಂದಿನ ದನಿಯೊಂದು.

“ಮಾತು ನಿನ್ನದು ದಾಕ್ಷಾಯಣಿ!” ಈ ಸಲ ಬೋಗಾರರ ಬೀದಿಗೂ ಕೇಳಿತು. ಕಟ್ಟೆ ಹಿಡಿದು ನಿಂತೆ. ನೀರಳತೆ ಕೇಂದ್ರದವರು ಕೇಳಿದರೆ ಏನು ಹೇಳಬೇಕೆಂದು ಈಗ ನನಗೆ ಗೊತ್ತಿತ್ತು.

ಭಾವ ಅವ್ವನ ಕಡೆ ತಿರುಗಿದರು. ಅತ್ತೆ ಸೆರಗನ್ನು ಹೆಗಲ ಮೇಲೆ ನೇರ ಮಾಡಿಕೊಳ್ಳುತ್ತಿದ್ದರು. “ಮಾತು...” ಎಂದು ಭಾವ ಶುರುಮಾಡಿದರು.

“ತಡಿಯಪ್ಪ,” ಎಂದರು ಅತ್ತೆ. “ನಾನಿನ್ನೂ ಸುತ್ತಿಲ್ಲ. ಓಣ್ಯಾಗೆ ಅಡ್ಡ ಬಂದೀನಿ. ಪುಕ್ಕಟೆ ತಗಳ್ಳಾಕೆ ನಂದೇನು ಬೀದೀಲಿ ಬಿದ್ದಿರೋ ಮಾತಾ?”

“ಬಿಸಿಲೇರೈತಿ ಅವ್ವ. ನಾಳೆ ಸುತ್ತುವಂತಿ.”

“ಇವತ್ತೇ ಸುತ್ತುತೀನಿ. ನೀನು ಇಲ್ಲೇ ನಿಂತಿರು.”

ಅವರು ಗಡಿಯಾರ ಕಂಬದ ಕಡೆ ಹೊರಟರು. ನಾನು ಹಿಂದೆ ಹೊರಟೆ, ಜನ ನಮ್ಮ ಹಿಂದೆ ಹೊರಟರು. ಕಂಬ ಮುಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆ ಬಟ್ಟೆ ಬೀದಿಗೆ ಕಾಲಿಟ್ಟರು. ಮೊದಲ ಅಂಗಡಿಯ ಮುಂದೆ ನಿಂತು ಸೀರೆಯೊಂದರ ಬೆಲೆ ಕೇಳಿದರು. ತೆಗೆದುಕೊಳ್ಳಲಿಲ್ಲ. ಎರಡನೆಯದರ ಮುಂದೆ ನಿಂತು ಅಂಗಡಿಯವನ ಮಗಳ ಹೆರಿಗೆ ಯಾವಾಗ ಎಂದು ವಿಚಾರಿಸಿದರು. ಹುಂಜಗಳು ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದವು.

“ಅತ್ತೆ, ಭಾವ ಬಿಸಿಲಲ್ಲಿ ಕಾಯ್ತಿದಾರೆ,” ಎಂದೆ.

“ಕಾಯ್ಲಿ ಬಿಡು,” ಎಂದರು ಅತ್ತೆ, ಮೂರನೆಯ ಅಂಗಡಿಯ ಕಡೆಗೆ ತಿರುಗುತ್ತಾ.